ಕೊಳ್ಳ ಹರಿಯದ ದುಡಿಮೆ: ಕಾರ್ಖಾನೆಯ ಒತ್ತಡ ಎಲ್ಲಿ ಹುಟ್ಟುತ್ತದೆ?

ಹುಬ್ಬಳ್ಳಿಯ ಗೋಕುಲ ರಸ್ತೆಯ ಕೈಗಾರಿಕಾ ವಸಾಹತಿನಲ್ಲಿ ರಾತ್ರಿ ಪಾಳಿ ಮುಗಿಸಿ ಹೊರಬಿದ್ದವರನ್ನು ಮುಂಜಾನೆ ಏಳರ ಸುಮಾರಿಗೆ ಚಹಾದಂಗಡಿಯ ಮುಂದೆ ಮಾತನಾಡಿಸಿದರೆ, ‘ನನಗೆ ಕೆಲಸದ ಒತ್ತಡವಿದೆ’ ಎಂದು ಹೇಳುವವರು ಯಾರೂ ಸಿಗುವುದಿಲ್ಲ. ‘ನಿದ್ದಿ ಹತ್ತವಲ್ದು’ ಎನ್ನುತ್ತಾರೆ. ‘ಹೊಟ್ಯಾಗ ಗ್ಯಾಸ್ ಹಿಡದೈತಿ’ ಎನ್ನುತ್ತಾರೆ. ‘ಮನ್ಯಾಗ ಹುಡುಗ್ರು ಜರಾ ಗದ್ದಲಾ ಮಾಡಿದ್ರೂ ತಲಿ ಕೆಡ್ತೈತಿ’ ಎನ್ನುತ್ತಾರೆ. ಮೂರೂ ಬೇರೆ ಬೇರೆ ದೂರುಗಳಂತೆ ಕಾಣುತ್ತವೆ, ಮೂರಕ್ಕೂ ಬೇರೆ ಬೇರೆ ಗುಳಿಗೆಗಳನ್ನು ಔಷಧದಂಗಡಿಯಿಂದ ಕೊಂಡು ನುಂಗುವುದೂ ನಡೆದಿರುತ್ತದೆ. ಆದರೆ ಬಹಳ ಸಲ ಮೂರರ ಬೇರೂ ಒಂದೇ ಆಗಿರುತ್ತದೆ. ಆ ಬೇರನ್ನು ದುಡಿಯುವವನ ಮನಸ್ಸಿನ ಬಲಹೀನತೆಯಲ್ಲಿ ಹುಡುಕುವ ರೂಢಿ ನಮ್ಮಲ್ಲಿದೆ. ಕೆಲಸವನ್ನು ಜೋಡಿಸಿರುವ ರೀತಿಯಲ್ಲಿ ಅದನ್ನು ಹುಡುಕಬೇಕು ಎಂದು ಕಳೆದ ಐವತ್ತು ವರ್ಷಗಳ ಸಂಶೋಧನೆ ಹೇಳುತ್ತದೆ. ಅದು ಹೇಗೆ ಎಂಬುದನ್ನು ವಿವರಿಸುವುದು ಈ ಬರಹದ ಉದ್ದೇಶ.

ನನ್ನ ಪರಿಚಯದ ಒಬ್ಬ ಸಿಎನ್‌ಸಿ (ಕಂಪ್ಯೂಟರ್ ನಿಯಂತ್ರಣದಲ್ಲಿ ಲೋಹ ಕೊರೆಯುವ ಯಂತ್ರದ) ಆಪರೇಟರ್ ತನ್ನ ಪಾಳಿಯ ಲೆಕ್ಕವನ್ನು ಒಮ್ಮೆ ಚೀಟಿಯ ಮೇಲೆ ಬರೆದು ತೋರಿಸಿದ. ಎಂಟು ತಾಸಿನ ಪಾಳಿಯಲ್ಲಿ ಊಟದ ಅರ್ಧ ತಾಸು ಕಳೆದರೆ ಉಳಿಯುವುದು 27,000 ಸೆಕೆಂಡು. ಒಂದು ನಗ, ಅಂದರೆ ಒಂದು ಬಿಡಿಭಾಗ, ತಯಾರಾಗಲು 90 ಸೆಕೆಂಡು ಬೇಕು, ಅಂದರೆ ಯಂತ್ರ ಒಂದು ಕ್ಷಣವೂ ನಿಲ್ಲದಿದ್ದರೆ 300 ನಗ. ಅವನಿಗೆ ಕೊಟ್ಟ ಟಾರ್ಗೆಟ್ 285. ಉಳಿದ ಹದಿನೈದು ನಗಗಳ ಸಮಯವೆಂದರೆ ಇಪ್ಪತ್ತೆರಡೂವರೆ ನಿಮಿಷ. ಸವೆದ ಇನ್ಸರ್ಟ್ (ಲೋಹ ಕತ್ತರಿಸುವ ಅಲಗು) ಬದಲಿಸುವುದು, ಗೇಜು ಹಾಕಿ ಅಳತೆ ನೋಡುವುದು, ಸುರುಳಿ ಸುರುಳಿಯಾಗಿ ಬಿದ್ದ ಲೋಹದ ಚೂರನ್ನು ಕೊಕ್ಕೆಯಿಂದ ಎಳೆದು ತೆಗೆಯುವುದು, ನೀರು ಕುಡಿಯುವುದು, ಶೌಚಕ್ಕೆ ಹೋಗಿ ಬರುವುದು, ಎಲ್ಲವೂ ಆ ಇಪ್ಪತ್ತೆರಡೂವರೆ ನಿಮಿಷದೊಳಗೇ ಮುಗಿಯಬೇಕು. ‘ರಾತ್ರಿ ಪಾಳ್ಯಾಗ ನಾ ನೀರು ಕಡಿಮಿ ಕುಡೀತೀನಿ, ಅಣ್ಣಾರ’ ಎಂದು ಅವನು ಸಹಜವಾಗಿ ಹೇಳಿದ. ಯಂತ್ರದ ಪರದೆಯ ಮೇಲೆ ಏರುತ್ತ ಹೋಗುವ ಅಂಕಿಯನ್ನು ಅವನು ಪ್ರತಿ ನಗಕ್ಕೂ ನೋಡುತ್ತಾನೆ. ನೋಡಬೇಕೆಂದೇನೂ ಇಲ್ಲ, ಕಣ್ಣು ತಾನಾಗಿ ಅಲ್ಲಿಗೆ ಹೋಗುತ್ತದೆ. ಅವನ ಒತ್ತಡ ಏನೆಂದು ಯಾರಾದರೂ ಕೇಳಿದರೆ ನಾನು ಆ ಚೀಟಿಯನ್ನೇ ತೋರಿಸುತ್ತೇನೆ.

ಈಗ ಅವನ ದೇಹದೊಳಗೆ ನಡೆಯುವುದನ್ನು ನೋಡೋಣ. ಅಪಾಯ ಬಂತೆಂದು ಮಿದುಳು ತೀರ್ಮಾನಿಸಿದ ಕೂಡಲೇ ಮೂತ್ರಪಿಂಡಗಳ ಮೇಲೆ ಟೊಪ್ಪಿಗೆಯಂತೆ ಕುಳಿತಿರುವ ಅಡ್ರಿನಲ್ ಗ್ರಂಥಿಗಳು ಕೆಲವೇ ಸೆಕೆಂಡುಗಳಲ್ಲಿ ಅಡ್ರಿನಾಲಿನ್ ಸ್ರವಿಸುತ್ತವೆ. ಎದೆಬಡಿತ ಏರುತ್ತದೆ, ರಕ್ತ ಸ್ನಾಯುಗಳ ಕಡೆಗೆ ಹರಿಯುತ್ತದೆ, ಜೀರ್ಣಕ್ರಿಯೆ ನಿಧಾನವಾಗುತ್ತದೆ. ಅದರ ಹಿಂದೆಯೇ, ಮಿದುಳಿನ ಹೈಪೋಥಲಾಮಸ್ ಮತ್ತು ಪಿಟ್ಯುಟರಿ ಗ್ರಂಥಿಗಳ ಮೂಲಕ ಸಂದೇಶ ಇಳಿದು ಅದೇ ಅಡ್ರಿನಲ್ ಗ್ರಂಥಿಗಳಿಂದ ಕಾರ್ಟಿಸೋಲ್ ಎಂಬ ಇನ್ನೊಂದು ಹಾರ್ಮೋನು ಹೊರಡುತ್ತದೆ. ರಕ್ತದಲ್ಲಿ ಸಕ್ಕರೆಯ ಅಂಶವನ್ನು ಹೆಚ್ಚಿಸಿ, ದೇಹ ಇನ್ನಷ್ಟು ಹೊತ್ತು ಎಚ್ಚರದಿಂದ ಹೋರಾಡುವಂತೆ ಮಾಡುವುದು ಅದರ ಕೆಲಸ. ಹೊಲದಲ್ಲಿ ಹಾವು ಕಂಡಾಗ ಹಿಂದಕ್ಕೆ ಜಿಗಿಯಲು ಈ ಏರ್ಪಾಡು ಬೇಕೇ ಬೇಕು. ಹಾವು ಸರಿದು ಹೋದ ಮೇಲೆ ಎಲ್ಲವೂ ಮೊದಲಿನ ಸ್ಥಿತಿಗೆ ಬರುತ್ತದೆ. ಯಂತ್ರದ ಪರದೆಯ ಮೇಲಿನ ಅಂಕಿ ಮಾತ್ರ ಸರಿದು ಹೋಗುವುದಿಲ್ಲ. ಅದು ದಿನಕ್ಕೆ ಎಂಟು ತಾಸು, ವಾರಕ್ಕೆ ಆರು ದಿನ, ವರ್ಷಗಟ್ಟಲೆ ಎದುರಿಗೇ ಇರುತ್ತದೆ. ಆಗ ಏರಿದ ರಕ್ತದೊತ್ತಡ ಇಳಿಯುವುದನ್ನು ಮರೆಯುತ್ತದೆ, ಸಕ್ಕರೆಯ ನಿಯಂತ್ರಣ ತಪ್ಪುತ್ತದೆ, ಹೊಟ್ಟೆಯ ಸುತ್ತ ಕೊಬ್ಬು ಸೇರುತ್ತದೆ, ನಿದ್ದೆ ತೆಳುವಾಗುತ್ತದೆ. ಮೂವತ್ತೈದಕ್ಕೇ ‘ಬಿಪಿ, ಶುಗರ್ ಬಂತು’ ಎಂದು ಬೆರಗಾಗುವವರು ಊಟ, ವ್ಯಾಯಾಮ, ವಂಶಗಳ ಜೊತೆಗೆ ಇದನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಕೆನಡಾದ ಮಾಂಟ್ರಿಯಲ್‌ನಲ್ಲಿ ಸಂಶೋಧನೆ ನಡೆಸುತ್ತಿದ್ದ ಹಾನ್ಸ್ ಸೆಲ್ಯೆ 1936ರಲ್ಲಿ ಈ ಪ್ರಕ್ರಿಯೆಯನ್ನು ಮೂರು ಹಂತಗಳಾಗಿ ವಿವರಿಸಿದರು: ಮೊದಲು ದೇಹ ಗಾಬರಿಯಾಗುತ್ತದೆ, ಆಮೇಲೆ ಎದುರಿಸಿ ನಿಲ್ಲುತ್ತದೆ, ಕಾರಣ ದೂರವಾಗದಿದ್ದರೆ ಕೊನೆಗೆ ಸೋತು ಬಳಲುತ್ತದೆ. ಎರಡನೆಯ ಹಂತವೇ ನಮ್ಮನ್ನು ಮೋಸಗೊಳಿಸುವಂಥದ್ದು. ಎದುರಿಸಿ ನಿಂತಿರುವವನು ಹೊರನೋಟಕ್ಕೆ ಆರೋಗ್ಯವಾಗಿಯೇ ಇರುತ್ತಾನೆ, ಟಾರ್ಗೆಟ್ಟೂ ಮುಟ್ಟುತ್ತಾನೆ, ಸೂಪರ್‌ವೈಸರ್ ಅವನನ್ನು ಹೊಗಳಿ ಓಟಿಗೆ (ಹೆಚ್ಚುವರಿ ತಾಸಿನ ದುಡಿಮೆಗೆ) ಮತ್ತೊಮ್ಮೆ ನಿಲ್ಲಿಸಿಕೊಳ್ಳುತ್ತಾನೆ.

ಹುಬ್ಬಳ್ಳಿಯ ರೈಲ್ವೆ ವರ್ಕ್‌ಶಾಪಿನಂಥ ಕಡೆ ದುಡಿದವರಿಗೆ ಇದನ್ನು ಲೋಹದ ಮಾತಿನಲ್ಲಿ ಹೇಳಿದರೆ ಬೇಗ ತಿಳಿಯುತ್ತದೆ. ಗಾಲಿಯ ಅಚ್ಚು ಒಂದೇ ಸಲದ ಭಾರಕ್ಕೆ ಮುರಿಯುವುದು ಅಪರೂಪ. ತಾಳಿಕೊಳ್ಳಬಲ್ಲ ಭಾರವೇ ಲಕ್ಷಾಂತರ ಸಲ ಬಿದ್ದು ಒಳಗೆ ಕೂದಲೆಳೆಯಷ್ಟು ಬಿರುಕು ಹುಟ್ಟಿ, ಅದು ಬೆಳೆದು ಒಂದು ದಿನ ಮುರಿಯುತ್ತದೆ. ಅದಕ್ಕೇ ಬರಿಗಣ್ಣಿಗೆ ಕಾಣದ ಬಿರುಕನ್ನು ಶಬ್ದತರಂಗಗಳಿಂದ ಪರೀಕ್ಷಿಸುತ್ತಾರೆ. ಮನುಷ್ಯನಿಗೂ ಕಬ್ಬಿಣಕ್ಕೂ ಇರುವ ವ್ಯತ್ಯಾಸವೆಂದರೆ, ಕಬ್ಬಿಣಕ್ಕೆ ಎಷ್ಟು ವಿಶ್ರಾಂತಿ ಕೊಟ್ಟರೂ ಬಿರುಕು ಮಾಯುವುದಿಲ್ಲ, ದೇಹಕ್ಕೆ ಮಾಯಿಸಿಕೊಳ್ಳುವ ಶಕ್ತಿ ಇದೆ. ಆದರೆ ಅದಕ್ಕೆ ಹೊತ್ತು ಬೇಕು. ನಮ್ಮ ಕಡೆಯ ಒಕ್ಕಲಿಗರು ಬಿಸಿಲೇರಿದಾಗ ಎತ್ತುಗಳನ್ನು ನೊಗದಿಂದ ಬಿಡಿಸುವುದಕ್ಕೆ ‘ಕೊಳ್ಳ ಹರಿಯುವುದು’ ಎನ್ನುತ್ತಾರೆ. ಎಷ್ಟೇ ಕೆಲಸ ಬಾಕಿಯಿರಲಿ, ಕೊಳ್ಳ ಹರಿಯುವ ಹೊತ್ತಿಗೆ ಹರಿಯಲೇಬೇಕು, ಇಲ್ಲವಾದರೆ ನಾಳೆ ಎತ್ತು ಏಳುವುದಿಲ್ಲ ಎಂಬುದು ಅವರಿಗೆ ಗೊತ್ತು. ಕಾರ್ಖಾನೆಯ ಒತ್ತಡವೆಂದರೆ ಬಹುಮಟ್ಟಿಗೆ ಕೊಳ್ಳ ಹರಿಯದ ದುಡಿಮೆಯ ಪರಿಣಾಮ.

ತಾಸುಗಳ ಲೆಕ್ಕ ಇಲ್ಲಿ ನೇರವಾಗಿ ಬರುತ್ತದೆ. ವಿಶ್ವ ಆರೋಗ್ಯ ಸಂಸ್ಥೆ ಮತ್ತು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 2021ರಲ್ಲಿ ಜಂಟಿಯಾಗಿ ಪ್ರಕಟಿಸಿದ ಅಂದಾಜಿನ ಪ್ರಕಾರ, ವಾರಕ್ಕೆ 55 ತಾಸು ಅಥವಾ ಅದಕ್ಕಿಂತ ಹೆಚ್ಚು ದುಡಿಯುವವರಿಗೆ, 35ರಿಂದ 40 ತಾಸು ದುಡಿಯುವವರಿಗೆ ಹೋಲಿಸಿದರೆ, ಪಾರ್ಶ್ವವಾಯುವಿನ ಅಪಾಯ ಶೇ. 35ರಷ್ಟು ಮತ್ತು ಹೃದ್ರೋಗದಿಂದ ಸಾಯುವ ಅಪಾಯ ಶೇ. 17ರಷ್ಟು ಹೆಚ್ಚು. 2016ರ ಒಂದೇ ವರ್ಷದಲ್ಲಿ ಜಗತ್ತಿನಲ್ಲಿ ಸುಮಾರು 7,45,000 ಸಾವುಗಳಿಗೆ ಇಂಥ ದೀರ್ಘ ದುಡಿಮೆ ಕಾರಣವಾಗಿತ್ತೆಂದು ಆ ಸಂಸ್ಥೆಗಳು ಲೆಕ್ಕ ಹಾಕಿವೆ. ಎಂಟು ತಾಸಿನಂತೆ ಆರು ದಿನ ದುಡಿದರೆ 48 ತಾಸು. ವಾರದಲ್ಲಿ ಎರಡು ದಿನ ನಾಲ್ಕು ನಾಲ್ಕು ತಾಸು ಓಟಿ ಮಾಡಿದವನು 56ಕ್ಕೆ ಮುಟ್ಟಿದ. ಇದರಲ್ಲಿ ಕುಂದಗೋಳದಿಂದಲೋ ನವಲಗುಂದದಿಂದಲೋ ಬಸ್ಸಿನಲ್ಲಿ ಬಂದು ಹೋಗುವ ಹೊತ್ತು ಸೇರಿಲ್ಲ. ಓಟಿಯನ್ನು ಅವರೇ ಕೇಳಿ ಪಡೆಯುತ್ತಾರಲ್ಲ ಎಂದು ಕೆಲವರು ವಾದಿಸುತ್ತಾರೆ. ನಿಜ, ಕೇಳಿ ಪಡೆಯುತ್ತಾರೆ. ಮೂಲ ಪಗಾರದಲ್ಲಿ ಮನೆ ಬಾಡಿಗೆ, ಮಕ್ಕಳ ಫೀ, ಊರಿನ ಹೊಲದ ಮೇಲಿನ ಸಾಲದ ಕಂತು ಇವು ತೀರುವಂತಿದ್ದರೆ ಕೇಳುತ್ತಿರಲಿಲ್ಲ.

ರಾತ್ರಿ ಪಾಳಿಯ ವಿಷಯವನ್ನು ಸ್ವಲ್ಪ ವಿಸ್ತಾರವಾಗಿ ಹೇಳಬೇಕು, ಏಕೆಂದರೆ ‘ರೂಢಿಯಾದರೆ ಸರಿಹೋಗುತ್ತದೆ’ ಎಂಬ ತಪ್ಪು ಕಲ್ಪನೆ ಈ ವಿಷಯದಲ್ಲಿ ಬಹಳ ಗಟ್ಟಿಯಾಗಿದೆ. ದೇಹದ ಹೆಚ್ಚುಕಡಿಮೆ ಪ್ರತಿಯೊಂದು ಜೀವಕೋಶದಲ್ಲೂ ಸುಮಾರು ಇಪ್ಪತ್ತನಾಲ್ಕು ತಾಸಿನ ಒಂದು ಗಡಿಯಾರ ನಡೆಯುತ್ತಿರುತ್ತದೆ. ಅದು ಹೇಗೆ ನಡೆಯುತ್ತದೆ ಎಂಬುದನ್ನು ಕಂಡುಹಿಡಿದ ಮೂವರು ವಿಜ್ಞಾನಿಗಳಿಗೆ 2017ರಲ್ಲಿ ನೊಬೆಲ್ ಪ್ರಶಸ್ತಿ ಬಂದಿತು. ಆ ಗಡಿಯಾರಕ್ಕೆ ಚಾವಿ ಕೊಡುವುದು ಬೆಳಕು. ರಾತ್ರಿ ಪಾಳಿಯವನು ಏಳು ಗಂಟೆಗೆ ಹೊರಬಂದ ಕೂಡಲೇ ಸೂರ್ಯನ ಬೆಳಕು ಕಣ್ಣಿಗೆ ಬಿದ್ದು, ಮಲಗಲು ಹೊರಟ ದೇಹಕ್ಕೆ ‘ಏಳು, ಹಗಲಾಯಿತು’ ಎಂಬ ಸಂದೇಶ ಹೋಗುತ್ತದೆ. ಆದ್ದರಿಂದ ಎಷ್ಟು ವರ್ಷ ರಾತ್ರಿ ದುಡಿದರೂ ಬಹುಪಾಲು ಜನರ ಗಡಿಯಾರ ಪೂರ್ತಿಯಾಗಿ ತಿರುಗುವುದಿಲ್ಲ. ನಸುಕಿನ ನಾಲ್ಕು ಐದರ ಹೊತ್ತಿಗೆ ದೇಹದ ಉಷ್ಣತೆ ಕನಿಷ್ಠ ಮಟ್ಟಕ್ಕೆ ಇಳಿದು, ಎಚ್ಚರವೂ ಕುಸಿಯುತ್ತದೆ. ತಗಡನ್ನು ಒತ್ತಿ ಕತ್ತರಿಸುವ ಪವರ್ ಪ್ರೆಸ್ಸಿನ ಕೆಳಗೆ ಕೈಯಿಡುವವನಿಗೆ ಆ ಹೊತ್ತು ಎಷ್ಟು ಅಪಾಯಕಾರಿ ಎಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕ್ಯಾನ್ಸರ್ ಸಂಶೋಧನೆಯ ಅಂತರರಾಷ್ಟ್ರೀಯ ಸಂಸ್ಥೆಯು 2007ರಲ್ಲಿ, ಮತ್ತೆ 2019ರಲ್ಲಿ, ರಾತ್ರಿ ಪಾಳಿಯ ದುಡಿಮೆಯನ್ನು ಮನುಷ್ಯರಲ್ಲಿ ಕ್ಯಾನ್ಸರ್ ತರುವ ಸಂಭವವಿರುವ ಕಾರಣಗಳ ಸಾಲಿಗೆ ಸೇರಿಸಿತು.

ಇನ್ನು ಹಗಲು ನಿದ್ದೆ. ನಾನು ಹೇಳಿದ ಆ ಆಪರೇಟರನ ಮನೆ ಒಂದು ಕೋಣೆ ಮತ್ತು ಅಡುಗೆಮನೆಯದು, ಮೇಲೆ ತಗಡಿನ ಹೊದಿಕೆ. ಏಪ್ರಿಲ್ ತಿಂಗಳಲ್ಲಿ ಹನ್ನೊಂದಕ್ಕೆಲ್ಲ ತಗಡು ಕಾಯುತ್ತದೆ. ಹೆಂಡತಿ ಕಿಟಕಿಗೆ ಹಳೆಯ ಕೌದಿ ಕಟ್ಟಿ ಕತ್ತಲು ಮಾಡುತ್ತಾಳೆ, ಕುಕ್ಕರಿನ ಸೀಟಿ ಹೊಡೆಸದೆ ಪಾತ್ರೆಯಲ್ಲಿ ಅನ್ನಕ್ಕಿಡುತ್ತಾಳೆ, ಮಗನನ್ನು ಪಕ್ಕದ ಮನೆಯಲ್ಲಿ ಆಡಲು ಬಿಡುತ್ತಾಳೆ. ಇಷ್ಟೆಲ್ಲ ಮಾಡಿದರೂ ನಾಲ್ಕು ತಾಸಿನ ಮೇಲೆ ನಿದ್ದೆ ಬರುವುದಿಲ್ಲ. ಕಾರ್ಖಾನೆಯ ಪಾಳಿಯನ್ನು ಆ ಮನೆಯ ಎಲ್ಲರೂ ದುಡಿಯುತ್ತಾರೆ. ಹಾಜರಿಯ ಪಂಚಿಂಗ್ ಯಂತ್ರದಲ್ಲಿ ಒಬ್ಬನ ಹೆಸರು ಮಾತ್ರ ದಾಖಲಾಗುತ್ತದೆ.

ಇಷ್ಟು ಹೇಳಿದ ಮೇಲೂ ಒಂದು ಪ್ರಶ್ನೆ ಉಳಿಯುತ್ತದೆ. ಅದೇ ಶೆಡ್ಡಿನಲ್ಲಿ, ಅಷ್ಟೇ ತಾಸು, ಕೆಲವೊಮ್ಮೆ ಅದಕ್ಕಿಂತ ಕಠಿಣವಾದ ಕೆಲಸ ಮಾಡುವ ಇನ್ನೊಬ್ಬ ಏಕೆ ಅಷ್ಟು ಕುಗ್ಗುವುದಿಲ್ಲ? ಟೂಲ್ ರೂಮಿನ ಹಿರಿಯ ಮೇಸ್ತ್ರಿಯನ್ನು ನೋಡಿ. ಅವರ ಕೈಗೆ ಬರುವ ಕೆಲಸ ತಲೆ ಕೆಡಿಸುವಂಥದ್ದೇ: ಮುರಿದ ಡೈ (ಲೋಹಕ್ಕೆ ಆಕಾರ ಕೊಡುವ ಅಚ್ಚು), ಕೂದಲೆಳೆಯಷ್ಟು ಅಳತೆ ತಪ್ಪಿದ ಫಿಕ್ಸ್‌ಚರ್ (ಬಿಡಿಭಾಗವನ್ನು ಹಿಡಿದಿಡುವ ಸಾಧನ), ಸಂಜೆಯೊಳಗೆ ಬೇಕೆಂಬ ಅವಸರ. ಆದರೆ ಯಾವುದನ್ನು ಮೊದಲು ಕೈಗೆತ್ತಿಕೊಳ್ಳಬೇಕು, ಹೇಗೆ ಸರಿಪಡಿಸಬೇಕು, ಯಾವಾಗ ಒಂದು ಕಪ್ ಚಹಾ ಕುಡಿದು ಮತ್ತೆ ನೋಡಬೇಕು ಎಂಬುದನ್ನು ಅವರೇ ತೀರ್ಮಾನಿಸುತ್ತಾರೆ. ಅಮೆರಿಕದ ಸಮಾಜಶಾಸ್ತ್ರಜ್ಞ ರಾಬರ್ಟ್ ಕರಾಸೆಕ್ 1979ರಲ್ಲಿ ಮಂಡಿಸಿದ ವಿಚಾರ ಇದನ್ನೇ ವಿವರಿಸುತ್ತದೆ: ಕೆಲಸದ ಬೇಡಿಕೆ ಹೆಚ್ಚಿದ್ದ ಮಾತ್ರಕ್ಕೆ ಮನುಷ್ಯ ಕುಗ್ಗುವುದಿಲ್ಲ; ಬೇಡಿಕೆ ಹೆಚ್ಚಿದ್ದು, ತನ್ನ ಕೆಲಸದ ಬಗ್ಗೆ ತಾನು ತೀರ್ಮಾನಿಸುವ ಅವಕಾಶ ಕಡಿಮೆಯಿದ್ದಾಗ ಅತ್ಯಂತ ಹಾನಿಕಾರಕ ಒತ್ತಡ ಹುಟ್ಟುತ್ತದೆ. ಬೇಡಿಕೆಯೂ ಹೆಚ್ಚು, ಸ್ವಾತಂತ್ರ್ಯವೂ ಹೆಚ್ಚು ಇರುವಲ್ಲಿ ಮನುಷ್ಯ ಕಲಿಯುತ್ತಾನೆ, ಬೆಳೆಯುತ್ತಾನೆ. ಜೊತೆಯವರ ಮತ್ತು ಮೇಲಿನವರ ಆಸರೆ ಇದೆಯೋ ಇಲ್ಲವೋ ಎಂಬ ಮೂರನೆಯ ಅಂಶವನ್ನು ಮುಂದಿನ ಸಂಶೋಧಕರು ಇದಕ್ಕೆ ಸೇರಿಸಿದರು.

ಇದು ಬರೀ ಕಾಗದದ ಮೇಲಿನ ಸಿದ್ಧಾಂತವಾಗಿ ಉಳಿಯಲಿಲ್ಲ. ಬ್ರಿಟನ್ನಿನ ಸರಕಾರಿ ನೌಕರರ ಮೇಲೆ ಮೈಕೆಲ್ ಮಾರ್ಮಟ್ ಅವರ ನೇತೃತ್ವದಲ್ಲಿ 1985ರಲ್ಲಿ ಆರಂಭವಾದ ಎರಡನೆಯ ವೈಟ್‌ಹಾಲ್ ಅಧ್ಯಯನದಲ್ಲಿ ಹತ್ತು ಸಾವಿರಕ್ಕೂ ಹೆಚ್ಚು ಜನರ ಆರೋಗ್ಯವನ್ನು ವರ್ಷಗಟ್ಟಲೆ ಗಮನಿಸಲಾಯಿತು. ಹೃದ್ರೋಗ ದೊಡ್ಡ ಹೊಣೆ ಹೊತ್ತ ಮೇಲಧಿಕಾರಿಗಳ ಕಾಯಿಲೆ ಎಂಬುದು ಎಲ್ಲರ ನಂಬಿಕೆಯಾಗಿತ್ತು. ಆದರೆ ಕೆಳಗಿನ ದರ್ಜೆಯವರಲ್ಲೇ ಅದು ಹೆಚ್ಚು ಕಂಡುಬಂದಿತು, ಮತ್ತು ಆ ವ್ಯತ್ಯಾಸಕ್ಕೆ ಒಂದು ಮುಖ್ಯ ಕಾರಣ ತಮ್ಮ ಕೆಲಸದ ಮೇಲೆ ಅವರಿಗಿದ್ದ ಹಿಡಿತದ ಕೊರತೆ ಎಂದು ತಿಳಿದುಬಂದಿತು. ಸೂಪರ್‌ವೈಸರನ ಕಣ್ಸನ್ನೆಯಿಲ್ಲದೆ ಶೌಚಕ್ಕೂ ಹೋಗಲಾರದವನಿಗೆ ಈ ಮಾತನ್ನು ಯಾರೂ ವಿವರಿಸಿ ಹೇಳಬೇಕಾಗಿಲ್ಲ.

ಹಿಡಿತ ಇದ್ದರಷ್ಟೇ ಸಾಲದು, ಪ್ರತಿಫಲವೂ ನ್ಯಾಯವಾಗಿರಬೇಕು. ಜರ್ಮನಿಯ ಸಮಾಜಶಾಸ್ತ್ರಜ್ಞ ಯೊಹಾನೆಸ್ ಸೀಗ್ರಿಸ್ಟ್ 1996ರಲ್ಲಿ ಹೇಳಿದ್ದು ಇದನ್ನು: ಸುರಿಸಿದ ಬೆವರಿಗೂ ಸಿಕ್ಕ ಪಗಾರ, ಗೌರವ, ನೌಕರಿಯ ಭದ್ರತೆಗಳಿಗೂ ತಾಳೆಯಾಗದಿದ್ದಾಗ ದೇಹ ಅದನ್ನು ಅಪಾಯವೆಂದೇ ಗ್ರಹಿಸುತ್ತದೆ. ಗದಗ-ಬೆಟಗೇರಿಯಲ್ಲಿ ಮನೆಯ ಮಗ್ಗದ ಮುಂದೆ ಕುಳಿತ ನೇಕಾರ ತನಗೆ ಬೇಕಾದಾಗ ಏಳಬಹುದು, ಬೇಕಾದಾಗ ಕೂಡಬಹುದು. ಅವನ ಮೇಲೆ ಸೂಪರ್‌ವೈಸರ್ ಇಲ್ಲ. ಆದರೆ ನೂಲಿನ ದರವೂ ಸೀರೆಯ ಕೂಲಿಯೂ ಅವನ ಕೈಯಲ್ಲಿಲ್ಲ. ಬ್ಯಾಡಗಿಯಲ್ಲಿ ತೂಕದ ಲೆಕ್ಕದಲ್ಲಿ ಮೆಣಸಿನಕಾಯಿಯ ತೊಟ್ಟು ಬಿಡಿಸುವ ಹೆಣ್ಣುಮಕ್ಕಳ ಸ್ಥಿತಿಯೂ ಹೀಗೆಯೇ. ಕಾರ್ಖಾನೆಯೊಳಗೆ ಈ ಅನ್ಯಾಯ ಎದ್ದು ಕಾಣುವುದು ಗುತ್ತಿಗೆ ಕಾರ್ಮಿಕರಲ್ಲಿ. ಒಂದೇ ಲೈನಿನಲ್ಲಿ, ಒಂದೇ ಕೆಲಸ ಮಾಡುವ ಇಬ್ಬರಲ್ಲಿ ಒಬ್ಬ ಕಾಯಂ, ಇನ್ನೊಬ್ಬ ಗುತ್ತಿಗೆಯವನು; ಪಗಾರ ಬೇರೆ, ಕೆಲವು ಕಡೆ ಅಂಗಿಯ ಬಣ್ಣವೂ ಬೇರೆ. ಮುಂದಿನ ತಿಂಗಳು ಗೇಟ್ ಪಾಸ್ ಇರುತ್ತದೋ ಇಲ್ಲವೋ ಎಂಬ ಅನಿಶ್ಚಿತತೆಯನ್ನು ಅವನು ಮನೆಗೆ ಹೋದ ಮೇಲೂ ಹೊತ್ತಿರುತ್ತಾನೆ.

ಇಷ್ಟರಲ್ಲಿ ಓದುಗರಿಗೆ ಸೂಪರ್‌ವೈಸರನ ಮೇಲೋ ಮಾಲೀಕನ ಮೇಲೋ ಸಿಟ್ಟು ಬಂದಿರಬಹುದು. ಆದರೆ ಗೋಕುಲ ರಸ್ತೆಯಲ್ಲೂ ತಾರಿಹಾಳದಲ್ಲೂ ಇರುವ ಬಹಳಷ್ಟು ಸಣ್ಣ ಘಟಕಗಳು ದೊಡ್ಡ ಕಂಪನಿಗಳಿಗೆ ಬಿಡಿಭಾಗ ಒದಗಿಸುವಂಥವು. ದೊಡ್ಡ ಕಂಪನಿ ದಾಸ್ತಾನು ಇಟ್ಟುಕೊಳ್ಳದೆ, ಬೇಕಾದ ದಿನ ಬೇಕಾದಷ್ಟೇ ಮಾಲು ತರಿಸುತ್ತದೆ. ಒಂದು ದಿನ ತಡವಾದರೆ ದಂಡ, ಒಂದು ಲಾಟ್ ತಿರಸ್ಕಾರವಾದರೆ ನಷ್ಟ. ಸಣ್ಣ ಉದ್ದಿಮೆಗಳಿಗೆ 45 ದಿನದೊಳಗೆ ಹಣ ಪಾವತಿಸಬೇಕೆಂದು 2006ರ ಕಾಯ್ದೆ ಹೇಳಿದ್ದರೂ ಬಿಲ್ಲು ಬಾಕಿ ಉಳಿಯುವುದು ತಪ್ಪಿಲ್ಲ. ಬ್ಯಾಂಕಿನ ಕಂತಿನ ಚಿಂತೆಯಲ್ಲಿರುವ ಮಾಲೀಕ ಸೂಪರ್‌ವೈಸರನಿಗೆ ಕೂಗುತ್ತಾನೆ, ಸೂಪರ್‌ವೈಸರ್ ಆಪರೇಟರನಿಗೆ ಕೂಗುತ್ತಾನೆ, ಆಪರೇಟರ್ ಮನೆಗೆ ಹೋಗಿ ಮಕ್ಕಳ ಮೇಲೆ ಕೂಗುತ್ತಾನೆ. ನೀರಿನಂತೆ ಒತ್ತಡವೂ ಇಳಿಜಾರಿನ ಕಡೆಗೇ ಹರಿಯುತ್ತದೆ, ಮತ್ತು ತಗ್ಗಿನಲ್ಲಿ ನಿಂತವನ ಹತ್ತಿರ ಬಂದು ಮಡುಗಟ್ಟುತ್ತದೆ. ನಡುವೆ ಸಿಕ್ಕ ಸೂಪರ್‌ವೈಸರನ ಪಾಡಂತೂ ಯಾರಿಗೂ ಬೇಡ. ನಿನ್ನೆಯವರೆಗೆ ಒಳ್ಳೆಯ ಫಿಟ್ಟರ್ ಆಗಿದ್ದವನನ್ನು ಜನರ ಜೊತೆ ನಡೆದುಕೊಳ್ಳುವ ಯಾವ ತರಬೇತಿಯನ್ನೂ ಕೊಡದೆ ಆ ಜಾಗದಲ್ಲಿ ಕೂಡಿಸಿರುತ್ತಾರೆ.

ಹೀಗಿರುವಾಗ ವರ್ಷಕ್ಕೊಮ್ಮೆ ಯೋಗ ಶಿಬಿರ ಏರ್ಪಡಿಸಿ ಫೋಟೋ ತೆಗೆಸಿದರೆ ಕರ್ತವ್ಯ ಮುಗಿಯಿತೆಂದು ತಿಳಿಯುವುದು ನನ್ನ ದೃಷ್ಟಿಯಲ್ಲಿ ತಪ್ಪು. ಪ್ರಾಣಾಯಾಮದಿಂದ ಎದೆಬಡಿತ ಇಳಿಯುತ್ತದೆ, ಅದರ ಪ್ರಯೋಜನವನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ 285ರ ಟಾರ್ಗೆಟ್ಟು ಹಾಗೆಯೇ ಇದ್ದರೆ, ಶಿಬಿರದ ಮರುದಿನ ಅವನು ಮತ್ತೆ ನೀರು ಕುಡಿಯದೆ ನಿಲ್ಲುತ್ತಾನೆ. ಬದಲಿಸಬೇಕಾದದ್ದು ಏರ್ಪಾಡನ್ನು, ಮತ್ತು ಅದರ ಬಹುಪಾಲಿಗೆ ದೊಡ್ಡ ಖರ್ಚು ಬೇಕಾಗಿಲ್ಲ. ಪಾಳಿಗಳು ಬೆಳಗಿನಿಂದ ಮಧ್ಯಾಹ್ನಕ್ಕೆ, ಮಧ್ಯಾಹ್ನದಿಂದ ರಾತ್ರಿಗೆ ಮುಂದುಮುಂದಕ್ಕೆ ಸರಿಯುವಂತೆ ಮಾಡಿದರೆ ದೇಹ ಹೊಂದಿಕೊಳ್ಳುವುದು ಸುಲಭ. ಹಿಂದುಹಿಂದಕ್ಕೆ ಸರಿಸಿದರೆ ಕಷ್ಟ. ಎಂಟು ಹತ್ತು ಯಂತ್ರಗಳಿಗೆ ಒಬ್ಬ ಬದಲಿ ಆಳನ್ನು ಇಟ್ಟರೆ ಎಲ್ಲರಿಗೂ ಹತ್ತು ನಿಮಿಷ ಉಸಿರಾಡಲು ಬಿಡುವು ಸಿಗುತ್ತದೆ. ಟಾರ್ಗೆಟ್ ನಿಗದಿ ಮಾಡುವಾಗ ಯಂತ್ರದ ವೇಗವನ್ನಷ್ಟೇ ನೋಡದೆ, ಅದರ ಮುಂದೆ ನಿಲ್ಲುವವನನ್ನು ಒಂದು ಮಾತು ಕೇಳಬೇಕು.

ಕಾನೂನು ಈ ವಿಷಯದಲ್ಲಿ ಅರ್ಧ ದಾರಿಯಲ್ಲಿ ನಿಂತಿದೆ. ವಾರಕ್ಕೆ 48 ತಾಸು, ಐದು ತಾಸಿಗೊಮ್ಮೆ ಕನಿಷ್ಠ ಅರ್ಧ ತಾಸಿನ ಬಿಡುವು, ಹೆಚ್ಚುವರಿ ದುಡಿಮೆಗೆ ದುಪ್ಪಟ್ಟು ಪಗಾರ ಎಂಬ ಮಿತಿಗಳನ್ನು 1948ರ ಕಾರ್ಖಾನೆ ಕಾಯ್ದೆ ಹಾಕಿಕೊಟ್ಟಿತು. ಕರ್ನಾಟಕ 2023ರಲ್ಲಿ ತಿದ್ದುಪಡಿ ತಂದು, ವಾರದ 48 ತಾಸಿನ ಮಿತಿಯೊಳಗೆ ದಿನಕ್ಕೆ 12 ತಾಸಿನವರೆಗೆ ದುಡಿಸಲು ದಾರಿ ಮಾಡಿತು. ಕೊಳ್ಳ ಹರಿಯುವ ಮಾತನ್ನು ಒಪ್ಪುವವರು ಇದನ್ನು ಆತಂಕದಿಂದಲೇ ನೋಡಬೇಕಾಗುತ್ತದೆ. ಇನ್ನು ಪರಿಹಾರದ ವಿಷಯ. ಸೀಸದ ವಿಷ, ಸಿಲಿಕಾ ದೂಳಿನಿಂದ ಕೆಟ್ಟ ಶ್ವಾಸಕೋಶ, ಯಂತ್ರದ ಸದ್ದಿನಿಂದ ಬಂದ ಕಿವುಡು, ಇವನ್ನು ವೃತ್ತಿಜನ್ಯ ಕಾಯಿಲೆಗಳೆಂದು ನೌಕರರ ಪರಿಹಾರ ಕಾಯ್ದೆಯ ಪಟ್ಟಿ ಒಪ್ಪಿತ್ತು. ಒತ್ತಡದಿಂದ ಬಂದ ಮಾನಸಿಕ ಕಾಯಿಲೆ ಆ ಪಟ್ಟಿಯಲ್ಲಿರಲಿಲ್ಲ. ವಿಶ್ವ ಆರೋಗ್ಯ ಸಂಸ್ಥೆ ತನ್ನ ಹೊಸ ರೋಗವರ್ಗೀಕರಣದಲ್ಲಿ, ನಿಭಾಯಿಸಲಾಗದ ಕೆಲಸದ ಒತ್ತಡದಿಂದ ಬರುವ ಸಂಪೂರ್ಣ ಬಳಲಿಕೆಯನ್ನು ದುಡಿಮೆಗೆ ಸಂಬಂಧಿಸಿದ ಸ್ಥಿತಿಯೆಂದು ಗುರುತಿಸಿದೆ. ಅದನ್ನು ರೋಗವೆಂದು ಕರೆದಿಲ್ಲ.

ಆದರೂ ಈಗ ಇರುವ ಸೌಲಭ್ಯಗಳನ್ನು ಕಾರ್ಮಿಕರು ತಿಳಿದಿರಬೇಕು. ಇಎಸ್‌ಐ (ನೌಕರರ ರಾಜ್ಯ ವಿಮೆ) ಕಾರ್ಡ್ ಇರುವವರಿಗೆ, ನಿಗದಿತ ವಂತಿಗೆ ತುಂಬಿದ್ದರೆ, ವೈದ್ಯರ ಪ್ರಮಾಣಪತ್ರದ ಮೇಲೆ ವರ್ಷಕ್ಕೆ 91 ದಿನಗಳವರೆಗೆ ಪಗಾರದ ಶೇ. 70ರಷ್ಟು ಅನಾರೋಗ್ಯ ಭತ್ಯೆ ಸಿಗುತ್ತದೆ. ಎರಡು ವಾರಕ್ಕೂ ಮೀರಿ ನಿದ್ದೆ ಬಾರದಿದ್ದರೆ, ಮೊದಲು ಇಷ್ಟವಾಗುತ್ತಿದ್ದ ಯಾವುದರಲ್ಲೂ ಮನಸ್ಸು ನಿಲ್ಲದಿದ್ದರೆ, ಕುಡಿತ ದಿನದಿಂದ ದಿನಕ್ಕೆ ಹೆಚ್ಚುತ್ತಿದ್ದರೆ, ಬದುಕು ಸಾಕೆಂಬ ವಿಚಾರ ಒಮ್ಮೆಯಾದರೂ ಬಂದಿದ್ದರೆ, ಗ್ಯಾಸಿನ ಗುಳಿಗೆಯಲ್ಲಿ ಕಾಲ ಕಳೆಯಬಾರದು. 2022ರಲ್ಲಿ ಆರಂಭವಾದ ಟೆಲಿ ಮಾನಸ್ ಸಹಾಯವಾಣಿಗೆ, 14416 ಸಂಖ್ಯೆಗೆ, ಯಾವ ಹೊತ್ತಿನಲ್ಲಾದರೂ ಕರೆ ಮಾಡಿ ಕನ್ನಡದಲ್ಲೇ ಮಾತನಾಡಬಹುದು, ಅದಕ್ಕೆ ಶುಲ್ಕವಿಲ್ಲ. ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್ ಅವಳಿನಗರದವರಿಗೆ ಕೈಗೆಟಕುವಷ್ಟು ಹತ್ತಿರದಲ್ಲಿದೆ. 1845ರಷ್ಟು ಹಿಂದೆ ಮನೋರೋಗಿಗಳ ಆಶ್ರಯವಾಗಿ ಹುಟ್ಟಿದ ಆ ಸಂಸ್ಥೆಯನ್ನು ಹಳೆಯ ತಲೆಮಾರಿನವರು ‘ಹುಚ್ಚರ ದವಾಖಾನಿ’ ಎಂದೇ ಕರೆಯುತ್ತಿದ್ದರು, ಆ ಹೆಸರಿನ ಅಂಜಿಕೆಯಿಂದಲೇ ಇಂದಿಗೂ ಎಷ್ಟೋ ಜನ ಅದರ ಗೇಟಿನ ಹತ್ತಿರ ಸುಳಿಯುವುದಿಲ್ಲ. ನಿದ್ದೆ ಕೆಟ್ಟವನು, ಕುಡಿತ ಬಿಡಬೇಕೆಂದವನು, ಸುಮ್ಮನೆ ಎದೆ ಡವಗುಟ್ಟುವವನು, ಎಲ್ಲರೂ ಅಲ್ಲಿಯ ಹೊರರೋಗಿ ವಿಭಾಗದಲ್ಲಿ ಚೀಟಿ ಮಾಡಿಸಿ ವೈದ್ಯರನ್ನು ಕಾಣಬಹುದು.

ಆ ಆಪರೇಟರ್ ಕಳೆದ ವರ್ಷ ಬೇರೊಂದು ಶೆಡ್ಡಿಗೆ ಸೇರಿದ. ಪಗಾರ ಹೆಚ್ಚೇನಲ್ಲ, ರಾತ್ರಿ ಪಾಳಿ ಅಲ್ಲಿಯೂ ಇದೆ. ಆದರೆ ಅಲ್ಲಿಯ ಮಾಲೀಕರು ಇಡೀ ತಿಂಗಳ ಪಾಳಿಯ ಪಟ್ಟಿಯನ್ನು ಮುಂಚೆಯೇ ಗೋಡೆಗೆ ಅಂಟಿಸುತ್ತಾರೆ, ಮತ್ತು ಇಬ್ಬರು ಒಪ್ಪಿ ಪಾಳಿ ಅದಲುಬದಲು ಮಾಡಿಕೊಂಡರೆ ಬೇಡವೆನ್ನುವುದಿಲ್ಲ. ಅವನು ಆ ಹಾಳೆಯ ಫೋಟೋ ತೆಗೆದು ಹೆಂಡತಿಯ ಮೊಬೈಲಿಗೆ ಕಳಿಸುತ್ತಾನೆ. ಮಗನ ಜವಳದ ದಿನವನ್ನು ಮನೆಯವರೆಲ್ಲ ಕುಳಿತು ಗೊತ್ತು ಮಾಡುವಾಗ, ಒಂದು ಕೈಯಲ್ಲಿ ಪಂಚಾಂಗ, ಇನ್ನೊಂದು ಕೈಯಲ್ಲಿ ಆ ಫೋಟೋ ಇತ್ತು.